ಎಲೆ ತುಂಬಿದ ಕುಂಡ, ಹೂವಿಲ್ಲದ ನೀಲಿಗಂಟೆ: ಶಿರಸಿ–ಕಾರವಾರದ ಅಂಗಳಕ್ಕೊಂದು ದೋಷ ನಿವಾರಣೆ ಕೈಪಿಡಿ

ಕಾರವಾರದಿಂದ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನೀವು ಕೊಟ್ಟ ನೀಲಿಗಂಟೆ ಗೊಡ್ಡು ಗಿಡವೋ ಏನೋ. ಎಲೆ ನೋಡಿದರೆ ಕಣ್ಣು ತಣಿಯುತ್ತದೆ, ಹೂವು ಮಾತ್ರ ಒಂದೂ ಇಲ್ಲ. ಇನ್ನಷ್ಟು ಗೊಬ್ಬರ ಹಾಕಲೇ?"

ಬೇಡವೇ ಬೇಡ ಎಂದೆ. ನಾನೂ ಎರಡು ವರ್ಷ ಅದೇ ತಪ್ಪು ಮಾಡಿದವಳು. ಸಗಣಿ ಗೊಬ್ಬರ ಹಾಕಿದೆ, ಎಲುಬಿನ ಪುಡಿ ಹಾಕಿದೆ, ಯಾರೋ ಹೇಳಿದರೆಂದು ಬಾಳೆಸಿಪ್ಪೆ ನೆನೆಸಿದ ನೀರನ್ನೂ ಹಾಕಿದೆ. ಹಾಕಿದ್ದೆಲ್ಲ ಎಲೆಯಾಯಿತು. ದೋಷ ಮಣ್ಣಿನಲ್ಲಿ ಇರಲೇ ಇಲ್ಲ. ಅದು ಎಲ್ಲಿತ್ತು ಎಂದು ಗೊತ್ತಾದದ್ದು ಅಡಿಕೆ ಸುಲಿಯುವ ಕಾಲದಲ್ಲಿ. ಆ ಕತೆಯನ್ನು ಹೇಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬೇಕು.

ಗಿಡ ಅದೇ ಹೌದೋ ಅಲ್ಲವೋ

ನಾನು ಹೇಳುತ್ತಿರುವುದು ಕ್ಯಾಂಪನ್ಯುಲಾ ಕಾರ್ಪಾಟಿಕಾ ಎಂಬ ಗಿಡದ ವಿಷಯ. ಯುರೋಪಿನ ಕಾರ್ಪೇಥಿಯನ್ ಬೆಟ್ಟಸಾಲು ಅದರ ತವರು. ಸ್ಲೊವಾಕಿಯಾ, ಉಕ್ರೇನ್, ರೊಮೇನಿಯಾಗಳ ಸುಣ್ಣಕಲ್ಲಿನ ಸಂದುಗಳಲ್ಲಿ ತಾನಾಗಿ ಬೆಳೆಯುತ್ತದೆ. ಲ್ಯಾಟಿನ್‌ನಲ್ಲಿ ಕ್ಯಾಂಪನ್ಯುಲಾ ಎಂದರೆ ಪುಟ್ಟ ಗಂಟೆ. ನಮ್ಮ ಮನೆಯಲ್ಲಿ ನೀಲಿಗಂಟೆ ಎನ್ನುತ್ತೇವೆ. ಗಿಡ ಗೇಣುದ್ದ, ಹೆಚ್ಚೆಂದರೆ ಒಂದಡಿ. ಹೃದಯದ ಆಕಾರದ, ಅಂಚಿನಲ್ಲಿ ಹಲ್ಲುಹಲ್ಲಾದ ಎಲೆಗಳು ಉದ್ದ ತೊಟ್ಟಿನ ಮೇಲೆ ಬುಡದಿಂದಲೇ ಗುಂಪಾಗಿ ಏಳುತ್ತವೆ. ಹೂವು ಆಕಾಶಕ್ಕೆ ಮುಖಮಾಡಿದ ಬಟ್ಟಲಿನಂತೆ, ನೇರಳೆ ಬೆರೆತ ನೀಲಿ.

ಸಂತೆಯಲ್ಲಿ ನೀಲಿ ಹೂವಿನ ಗಿಡಕ್ಕೆಲ್ಲ ಇದೇ ಹೆಸರು ಹೇಳಿ ಮಾರುವುದನ್ನು ನೋಡಿದ್ದೇನೆ. ಒಂದು ಎಲೆಯ ತೊಟ್ಟನ್ನು ಮುರಿಯಿರಿ. ಹಾಲಿನಂಥ ಬಿಳಿ ಸೊನೆ ಬಂದರೆ ಇದೇ ಕುಟುಂಬದ್ದು. ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲಿ ಬೀಜ ಬಿದ್ದು ಹುಟ್ಟುವ ಟೊರೇನಿಯಾಕ್ಕೂ ನೀಲಿ ಹೂವೇ, ಆದರೆ ಅದರಲ್ಲಿ ಹಾಲಿಲ್ಲ. ಹಾಲಿದ್ದೂ ಮೊಗ್ಗು ಪುಗ್ಗೆಯಂತೆ ಊದಿಕೊಂಡು ನಿಂತರೆ ಅದು ಪ್ಲಾಟಿಕೋಡಾನ್, ಇದರ ದಾಯಾದಿ. ಅದಕ್ಕೆ ಬೇರೆಯೇ ಆರೈಕೆ.

ಎಲೆ ಸೊಂಪು, ಹೂವಿಲ್ಲ

ನಾಲ್ಕು ವರ್ಷದ ಹಿಂದೆ ಒಂದು ನರ್ಸರಿಯಿಂದ ಐದು ಕುಂಡ ತಂದಿದ್ದೆ. ತಂದ ದಿನ ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಹೂವಿದ್ದವು. ಮೂರು ವಾರದಲ್ಲಿ ಹೂವು ಮುಗಿಯಿತು, ಆಮೇಲೆ ಇಡೀ ವರ್ಷ ಎಲೆ ಬಿಟ್ಟರೆ ಬೇರೇನೂ ಇಲ್ಲ. ಎರಡನೆಯ ವರ್ಷವೂ ಹಾಗೆಯೇ. ಮೂರನೆಯ ವರ್ಷ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಒಂದು ಕುಂಡ ಅಂಗಳದ ಅಂಚಿಗೆ ಬಂದು ಕೂತಿತ್ತು. ಉಳಿದ ನಾಲ್ಕು ಬಾವಿಕಟ್ಟೆಯ ಹತ್ತಿರವೇ ಇದ್ದವು. ಅಂಗಳದಲ್ಲಿ ಕೆಂಪಡಿಕೆ ಸುಲಿಗೆ. ಮೆಟ್ಟುಗತ್ತಿ ಹಾಕಿಕೊಂಡು ಏಳೆಂಟು ಜನ ಕೂತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಅಷ್ಟು ಹೊತ್ತೂ ತಲೆಯ ಮೇಲೆ ದೊಡ್ಡ ಬಲ್ಬ್ ಉರಿಯುತ್ತಿತ್ತು. ಸುಲಿಗೆ ಶುರುವಾಗಿ ಒಂದೂವರೆ ತಿಂಗಳಾಗುವಷ್ಟರಲ್ಲಿ ಅಂಗಳದ ಕುಂಡದಲ್ಲಿ ಮೊಗ್ಗು ಎದ್ದವು. ಬಾವಿಕಟ್ಟೆಯ ನಾಲ್ಕರಲ್ಲಿ ಒಂದೂ ಇಲ್ಲ.

ನನಗೆ ಅರ್ಥವಾಗಿದ್ದು ನೀಲಿಗಂಟೆಯಿಂದಲ್ಲ, ಸೇವಂತಿಗೆಯಿಂದ. ಅದೇ ಅಂಗಳದ ಅಂಚಿನಲ್ಲಿದ್ದ ಸೇವಂತಿಗೆ ಆ ವರ್ಷ ಮೊಗ್ಗನ್ನೇ ಕಟ್ಟಿರಲಿಲ್ಲ. ಮನೆ ಹಿಂದಿನ ಸೇವಂತಿಗೆ ಅರಳಿ ದೇವರ ತಲೆಗೇರಿತ್ತು. ಒಂದೇ ತಾಯಿಗಿಡದ ಮರಿಗಳು ಎರಡೂ. "ಸುಲಿಗೆಯ ಗದ್ದಲಕ್ಕೆ ಬೇಸರ ಬಂದಿದೆ ಅದಕ್ಕೆ," ಎಂದರು ಅತ್ತೆ. ಅವರ ಮಾತು ಅರ್ಧ ಸರಿಯಿತ್ತು. ಗದ್ದಲದ ಜಾಗದಲ್ಲಿ ಬೆಳಕು ಎಂದಿದ್ದರೆ ಪೂರ್ತಿ ಸರಿಯಾಗುತ್ತಿತ್ತು.

ಸೇವಂತಿಗೆ ದೀರ್ಘ ರಾತ್ರಿಯನ್ನು ಕಾದು ಹೂ ಬಿಡುವ ಗಿಡ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲದ ತುಂಬ ರಾತ್ರಿ ಬಲ್ಬ್ ಉರಿಯುವುದನ್ನು ಬಸ್ಸಿನಿಂದ ನೋಡಿದವರು ಇರಬಹುದು. ಬೆಳಕು ಕೊಟ್ಟು ಹೂವನ್ನು ಮುಂದೂಡಿ, ಬೇಕಾದ ಹೊತ್ತಿಗೆ ಕೊಯ್ಯುವ ಉಪಾಯ ಅದು. ನೀಲಿಗಂಟೆ ಸರಿಯಾಗಿ ಇದರ ವಿರುದ್ಧ. ಹಗಲು ಉದ್ದವಾಗದೆ ಅದು ಮೊಗ್ಗು ಕಟ್ಟುವುದಿಲ್ಲ. ತವರಿನಲ್ಲಿ, 48 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಜೂನ್ ತಿಂಗಳ ಹಗಲು ಸುಮಾರು 16 ತಾಸು. ಶಿರಸಿ, ಕಾರವಾರ ಎರಡೂ ಇರುವುದು 14 ಮತ್ತು 15 ಡಿಗ್ರಿಗಳ ನಡುವೆ. ನಮ್ಮ ಅತಿ ಉದ್ದದ ಹಗಲು 13 ತಾಸಿನ ಹತ್ತಿರ, ಡಿಸೆಂಬರಿನದು ಹನ್ನೊಂದು ಕಾಲು. ಈ ಗಿಡ 14 ತಾಸಿಗಿಂತ ಕಡಿಮೆ ಹಗಲಿಗೆ ಒಲಿಯುವುದಿಲ್ಲ, 16 ಆದರೆ ಚೆನ್ನ. ಅಂದರೆ ನಮ್ಮ ಜಿಲ್ಲೆಯಲ್ಲಿ ವರ್ಷದ ಯಾವ ದಿನವೂ ಇದರ ಪಾಲಿಗೆ ಬೇಸಿಗೆಯೇ ಅಲ್ಲ. ಇಷ್ಟು ಗೊತ್ತಿಲ್ಲದೆ ನಾನು ಅದರ ಬುಡಕ್ಕೆ ಗೊಬ್ಬರ ಸುರಿಯುತ್ತಿದ್ದೆ.

ತಂದಾಗ ಹೂವಿದ್ದದ್ದು ಹೇಗೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಕುಂಡದ ಹೂಗಿಡವಾಗಿ ಇದನ್ನು ಬೆಳೆಸುವವರು ಪಾಲಿಹೌಸಿನಲ್ಲಿ ದೀಪ ಹಾಕಿ ಮೊಗ್ಗು ಕಟ್ಟಿಸಿಯೇ ಮಾರಾಟಕ್ಕೆ ಕಳಿಸುತ್ತಾರೆ. ಆ ಮೊಗ್ಗು ಮುಗಿದ ಮೇಲೆ ಗಿಡಕ್ಕೆ ಕಾಣುವುದು ನಮ್ಮೂರಿನ ಹಗಲು ಮಾತ್ರ.

ಪರೀಕ್ಷೆ ಸುಲಭ. ಬುಡದಲ್ಲಿ ಹತ್ತು ಹನ್ನೆರಡು ಎಲೆ ಇದ್ದು, ಎಲೆ ಹಸಿರಾಗಿ ಗಟ್ಟಿಯಾಗಿದ್ದು, ದಿನಕ್ಕೆ ಐದಾರು ತಾಸು ಬಿಸಿಲು ಬೀಳುತ್ತಿದ್ದೂ ನಡುವಿನಿಂದ ದಂಟು ಏಳುತ್ತಿಲ್ಲ ಎಂದಾದರೆ ಕೊರತೆ ಹಗಲಿನದೇ. ಎರಡು ಕುಂಡ ಇದ್ದರೆ ಒಂದನ್ನು ದೀಪದ ಕೆಳಗಿಡಿ, ಇನ್ನೊಂದನ್ನು ಕತ್ತಲಲ್ಲಿ ಬಿಡಿ. ಎರಡು ತಿಂಗಳಲ್ಲಿ ಕಣ್ಣಾರೆ ಕಾಣುತ್ತದೆ.

ಪರಿಹಾರಕ್ಕೆ ಇಡೀ ರಾತ್ರಿ ದೀಪ ಬೇಡ. ರಾತ್ರಿ ಹತ್ತರಿಂದ ಎರಡರವರೆಗೆ, ನಾಲ್ಕು ತಾಸು ಸಾಕು. ಗಿಡ ಅಳೆಯುವುದು ಒಂದೇ ಸಮನೆ ಇರುವ ಕತ್ತಲನ್ನು. ನಡುವೆ ಬೆಳಕು ಬಿದ್ದರೆ ಅದಕ್ಕೆ ಒಂದು ದೊಡ್ಡ ರಾತ್ರಿಯ ಬದಲು ಎರಡು ಸಣ್ಣ ರಾತ್ರಿ. ಎಚ್ಚರವಿದ್ದು ಸ್ವಿಚ್ ಹಾಕುವುದು ಆಗದ ಮಾತು, ಅಂಗಡಿಯಲ್ಲಿ ಸಿಗುವ ಪ್ಲಗ್ ಟೈಮರ್ ಹಾಕಿದರೆ ನಿಶ್ಚಿಂತೆ. ಅದಿಲ್ಲದವರು ಸಂಜೆ ಆರರಿಂದ ಹನ್ನೊಂದರವರೆಗೆ ನಮ್ಮ ಸುಲಿಗೆಯ ದೀಪದಂತೆ ಉರಿಸಿದರೂ ಆದೀತು. 9 ವಾಟಿನ, ಹಳದಿ ಛಾಯೆಯ ಎಲ್‌ಇಡಿ ಬಲ್ಬ್, ಮೇಲೊಂದು ಮುಚ್ಚಳ, ಗಿಡದಿಂದ ಎರಡಡಿ ಎತ್ತರ. ಕುಂಡದ ಪಕ್ಕ ಪತ್ರಿಕೆ ಹಿಡಿದರೆ ಅಕ್ಷರ ಸಲೀಸಾಗಿ ಓದಲು ಬರಬೇಕು, ಅಷ್ಟಿದ್ದರೆ ಸಾಕು. ಮೊದಲ ಹೂವಿಗೆ ಸುಮಾರು ಎಂಟು ವಾರ. ಖರ್ಚು ಲೆಕ್ಕ ಹಾಕಿದೆ: ದಿನಕ್ಕೆ ನಾಲ್ಕು ತಾಸಿನಂತೆ 56 ದಿನಕ್ಕೆ ಎರಡು ಯೂನಿಟ್ ಕರೆಂಟು.

ನವೆಂಬರ್ ನಡುವಿನಲ್ಲಿ ದೀಪ ಶುರುಮಾಡುವುದು ನನ್ನ ರೂಢಿ. ಸಂಕ್ರಾಂತಿಯ ಆಸುಪಾಸಿಗೆ ಅರಳುತ್ತದೆ. ಮೊಗ್ಗು ಬಲಿಯುವಾಗ ರಾತ್ರಿ ತಂಪಿದ್ದರೆ ಹೂವು ದೊಡ್ಡದು, ಬಣ್ಣ ಗಾಢ. ಸೆಕೆಯಲ್ಲಿ ದೀಪ ಹಾಕಿದರೂ ಹೂ ಬರುತ್ತದೆ, ಆದರೆ ಗುಂಡಿಯಷ್ಟು ಸಣ್ಣದು, ಮಾಸಲು. ಮಾರ್ಚಿನಲ್ಲಿ ಒಮ್ಮೆ ಮಾಡಿ ನೋಡಿ ಬಿಟ್ಟೆ.

ಮಣ್ಣು ಒದ್ದೆ, ಗಿಡ ಬಾಡಿದೆ

ಹೂವಿಲ್ಲದ ಗಿಡಕ್ಕೆ ಆತುರವಿಲ್ಲ, ಮುಂದಿನ ವರ್ಷ ನೋಡಿಕೊಳ್ಳಬಹುದು. ಇದು ಹಾಗಲ್ಲ. ಎರಡು ದಿನ ತಡಮಾಡಿದರೆ ಗಿಡವೇ ಇರುವುದಿಲ್ಲ.

ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ, ಕಾರವಾರದಲ್ಲಿ ಮೂರು ಸಾವಿರವನ್ನೂ ಮೀರುವುದುಂಟು, ಹೆಚ್ಚಿನಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಲ್ಲುಸಂದಿಯಲ್ಲಿ ನೀರು ಬಸಿದುಹೋಗುವ ಜಾಗಕ್ಕೆ ಒಗ್ಗಿದ ಗಿಡ ಇದು. ಮೊದಲ ಲಕ್ಷಣ ಮಧ್ಯಾಹ್ನದ ಬಾಡು. ನೀರು ಕಡಿಮೆಯಾಗಿದೆ ಎಂದುಕೊಂಡು ಚೆಂಬಿನಲ್ಲಿ ನೀರು ಹೊಯ್ಯುತ್ತೇವೆ, ಅಲ್ಲಿಗೆ ಮುಗಿಯಿತು. ಹೊಯ್ಯುವ ಮೊದಲು ಕುಂಡ ಎತ್ತಿ ನೋಡಿ. ಹಗುರವಿದ್ದರೆ ಬಾಯಾರಿಕೆ, ಭಾರವಿದ್ದರೆ ಕೊಳೆ.

ಭಾರವಿದ್ದರೆ ಎಲೆಗಳನ್ನು ಬೆರಳಿನಿಂದ ಬಿಡಿಸಿ, ಎಲೆಗಳೆಲ್ಲ ಹುಟ್ಟುವ ಬುಡದ ಗಂಟನ್ನು ಮುಟ್ಟಿ. ಗಟ್ಟಿಯಿರಬೇಕು. ಎಲೆ ಎಳೆದ ಕೂಡಲೇ ಕೈಗೆ ಬಂದು, ಬುಡ ಕಂದಾಗಿ ಮೆತ್ತಗಿದ್ದರೆ ಗಿಡವನ್ನು ಮಣ್ಣುಸಮೇತ ಹೊರಗೆ ತೆಗೆಯಬೇಕು. ಇಲ್ಲಿ ಎರಡು ಬೇರೆಬೇರೆ ರೋಗಗಳಿವೆ, ಚಿಕಿತ್ಸೆಯೂ ಬೇರೆ. ಆದ್ದರಿಂದ ಸರಿಯಾಗಿ ನೋಡಿ.

ಬೇರು ಕಪ್ಪಾಗಿ, ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಉಳಿದರೆ ಅದು ನೀರುಕೊಳೆ. ಪಿಥಿಯಂ, ಫೈಟಾಫ್ತೊರಾ ಎಂಬ ಜೀವಿಗಳ ಕೆಲಸ. ಅಡಿಕೆ ಬೆಳೆಗಾರರಿಗೆ ಇವು ಹೊಸ ಶತ್ರುಗಳೇನಲ್ಲ. ಕೊಳೆರೋಗ ತರುವುದೂ ಫೈಟಾಫ್ತೊರಾವೇ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ವಿವರಿಸಿದ್ದರು. ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ದಿನ (ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ) ಒಂದು ಚೆಂಬು ಎತ್ತಿಟ್ಟುಕೊಂಡು ಒಳ್ಳೆಯ ಕುಂಡಗಳ ಬುಡಕ್ಕೆ ಸಿಂಪಡಿಸುತ್ತೇನೆ. ಅದು ಬಾರದಂತೆ ತಡೆಯಲು. ಕೊಳೆತ ಗಿಡವನ್ನು ಅದು ಬದುಕಿಸುವುದಿಲ್ಲ.

ಎರಡನೆಯದು ಬುಡದ ಸುತ್ತ ಬೀಸಣಿಗೆಯಂತೆ ಹರಡಿದ ಬಿಳಿ ಎಳೆ, ಎಳೆಯ ನಡುವೆ ಸಾಸಿವೆ ಕಾಳಿನಂಥ ಕಂದು ಕಾಳು. ಇದು ಸ್ಕ್ಲೆರೋಶಿಯಂ ಎಂಬ ಬೂಷ್ಟು. ಸೆಕೆಯೂ ತೇವವೂ ಸೇರಿದಾಗ ಬರುತ್ತದೆ, ಹಾಗಾಗಿ ಕರಾವಳಿಯಲ್ಲಿ ಹೆಚ್ಚು. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ, ಗೊಬ್ಬರಗುಂಡಿಗೂ ಹಾಕಬೇಡಿ. ಕುಂಡವನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಹೊಸ ಮಿಶ್ರಣಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು) ಬೆರೆಸಿದ ಗೊಬ್ಬರ ಹಾಕಿ.

ಯಾವುದೇ ಕೊಳೆಯಿದ್ದರೂ ಗಂಟಿನ ಒಂದು ಬದಿಯಲ್ಲಿ ಬೆಳ್ಳಗಿನ ಗಟ್ಟಿ ಭಾಗ ಉಳಿದಿದ್ದರೆ ಆಸೆ ಇದೆ. ಎರಡು ಮೂರು ಎಲೆಯಿರುವ ಬುಡದ ಚಿಗುರನ್ನು ಬ್ಲೇಡಿನಿಂದ ಕತ್ತರಿಸಿ ತೊಳೆದ ಹೊಳೆಮರಳಿನಲ್ಲಿ ನೆಡಿ, ನೆರಳಲ್ಲಿಡಿ. ಐದು ನೆಟ್ಟರೆ ಎರಡೋ ಮೂರೋ ಬೇರು ಬಿಡುತ್ತವೆ. ನನ್ನ ಈಗಿನ ಗಿಡಗಳೆಲ್ಲ ಹಾಗೆ ಉಳಿದವುಗಳ ಸಂತಾನ.

ಮತ್ತೆ ಕೊಳೆಯದಿರಲು ಮಣ್ಣನ್ನೇ ಬದಲಿಸಬೇಕು. ಜರಡಿ ಹಿಡಿದ ಮಣ್ಣು, ದಪ್ಪ ಹೊಳೆಮರಳು, ಹಳೆಯ ಗೊಬ್ಬರ ಸಮಪಾಲು, ಅದಕ್ಕೊಂದು ಹಿಡಿ ಚಿರೇಕಲ್ಲಿನ ಚೂರು. ಮನೆ ಕಟ್ಟುವಲ್ಲಿ ಕಲ್ಲು ಕೆತ್ತಿದ ಜಾಗದಲ್ಲಿ ರಾಶಿ ಬಿದ್ದಿರುತ್ತದೆ. ತೆಂಗಿನನಾರಿನ ಪುಡಿ ಮಳೆಗಾಲಕ್ಕೆ ಬೇಡ, ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಕುಂಡ ಆರು ಇಂಚಿನದು ಸಾಕು. ದೊಡ್ಡ ಕುಂಡದ ನಡುವೆ ಪುಟ್ಟ ಗಿಡ ಕೂರಿಸಿದರೆ ಬೇರು ಮುಟ್ಟದ ಮಣ್ಣೆಲ್ಲ ಕೆಸರಾಗಿ ಕೂರುತ್ತದೆ. ಗಂಟು ಮಣ್ಣಿನ ಮಟ್ಟಕ್ಕಿಂತ ಒಂದಿಷ್ಟು ಮೇಲೆಯೇ ಇರಲಿ. ಅದರ ಸುತ್ತ ಚೂರುಕಲ್ಲು ಹರಡಿ, ದರಕು (ಒಣಗಿದ ತರಗೆಲೆ) ಮುಚ್ಚಬೇಡಿ. ಎಲ್ಲಕ್ಕೂ ದರಕು ಹೊದಿಸುವ ರೂಢಿ ನಮಗಿದೆ, ಅಡಿಕೆ ಬುಡಕ್ಕೆ ಅದು ಅಮೃತ, ಇದರ ಬುಡಕ್ಕೆ ವಿಷ. ಜೂನ್ ಮೊದಲ ವಾರವೇ ಕುಂಡವನ್ನು ಮಾಡಿನ ಕೆಳಗೆ ತನ್ನಿ, ಸೂರಿನ ನೀರು ಧಾರೆಯಾಗಿ ಬೀಳುವ ಗೆರೆಯಿಂದ ಎರಡು ಮೊಳ ಒಳಗೆ, ಎರಡು ಹೆಂಚಿನ ಚೂರಿನ ಮೇಲೆ.

ಕಾರವಾರದಲ್ಲಿ ಮಳೆಗಾಲ ದಾಟಿಸುವುದು ನಿಜಕ್ಕೂ ಕಷ್ಟ. ಗಾಳಿಯೇ ಒದ್ದೆ, ರಾತ್ರಿಯೂ ಸೆಕೆ. ಅಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಇಟ್ಟುಕೊಂಡು ಸಂತೋಷಪಡುವ ಗಿಡ ಇದು ಎಂದು ಮೊದಲೇ ಒಪ್ಪಿಕೊಂಡರೆ ಮನಸ್ಸಿಗೆ ನೋವಿಲ್ಲ. ನಾದಿನಿಗೆ ಪ್ರತಿ ಅಕ್ಟೋಬರಿನಲ್ಲಿ ಬೇರು ಬಿಟ್ಟ ಹೊಸ ಚಿಗುರು ಕಳಿಸಿಕೊಡುತ್ತೇನೆ.

ಎಲೆಯ ಅಂಚು ಸುಟ್ಟಂತಾಗಿದೆ

ಇದು ಹೆಚ್ಚಾಗಿ ಕರಾವಳಿಯ ದೂರು. ಸುಟ್ಟಿರುವುದು ಯಾವ ಎಲೆ ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಸಮುದ್ರದ ಕಡೆಗೆ ಮುಖಮಾಡಿದ ಎಲೆಗಳು ಮಾತ್ರ ಸುಟ್ಟಿದ್ದರೆ ಉಪ್ಪುಗಾಳಿ, ಕುಂಡವನ್ನು ಗೋಡೆಯ ಮರೆಗೆ ಸರಿಸಿ. ಸುತ್ತಲೂ ಹಳೆಯ ಎಲೆಗಳೇ ಮೊದಲು ಅಂಚಿನಿಂದ ಒಣಗುತ್ತ ಬಂದು, ಮಣ್ಣಿನ ಕುಂಡದ ಹೊರಮೈಗೆ ಬಿಳಿ ಪುಡಿ ಹತ್ತಿದ್ದರೆ ನೀರಿನಲ್ಲಿ ಉಪ್ಪಿದೆ. ಕಾಳಿ ನದಿಯ ಅಳಿವೆಯ ಹತ್ತಿರದ ಬಾವಿಗಳ ನೀರು ಏಪ್ರಿಲ್ ಹೊತ್ತಿಗೆ ನಾಲಿಗೆಗೇ ಗೊತ್ತಾಗುತ್ತದೆ, ಗಿಡಕ್ಕೆ ಅದಕ್ಕೂ ಮೊದಲೇ ಗೊತ್ತಾಗಿರುತ್ತದೆ. ಸಿಹಿನೀರು ಸಿಕ್ಕಾಗ ಕುಂಡದ ಮೂರು ನಾಲ್ಕು ಪಟ್ಟು ನೀರನ್ನು ನಿಧಾನ ಹೊಯ್ದು ಕೆಳಗಿನಿಂದ ಪೂರ್ತಿ ಬಸಿಯಲು ಬಿಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ.

ಅಂಚು ಸರಿಯಿದ್ದು ಇಡೀ ಗಿಡ ಪೇಲವವಾಗಿ, ಬೆಳವಣಿಗೆ ನಿಂತಂತಿದ್ದರೆ ನಮ್ಮ ಕೆಂಪುಮಣ್ಣಿನ ಹುಳಿ ಕಾರಣವಿರಬಹುದು. ಸುಣ್ಣಕಲ್ಲಿನ ನಾಡಿನ ಗಿಡವಲ್ಲವೇ. ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಚಿಪ್ಪನ್ನು ತೊಳೆದು, ಒಂದು ಮಳೆಗಾಲ ಹೊರಗಿಟ್ಟು ಉಪ್ಪು ಕಳೆದು, ಕುಟ್ಟಿ ಕುಂಡಕ್ಕೊಂದು ಚಮಚ ಹಾಕುತ್ತೇನೆ. ನಿಧಾನ ಕರಗುತ್ತದೆ. ವೀಳ್ಯದೆಲೆಗೆ ಹಚ್ಚಿಕೊಳ್ಳುವ ಸುಣ್ಣ ಹಾಕಬೇಡಿ, ಬೇರು ಸುಡುತ್ತದೆ.

ಸಣ್ಣಪುಟ್ಟವು

ಬೆಳಗಾಗುವಷ್ಟರಲ್ಲಿ ಎಲೆಯಲ್ಲಿ ತೂತು, ಹತ್ತಿರ ಬೆಳ್ಳಿಗೆರೆ: ಬಸವನಹುಳು. ಇದರ ಎಲೆ ಅವಕ್ಕೆ ಬಲು ಇಷ್ಟ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಆರಿಸುವುದೇ ದಾರಿ.

ಫೆಬ್ರವರಿ ನಂತರ ಎಲೆ ಮೇಲೆ ಧೂಳು ಕೂತಂಥ ಹಳದಿ ಚುಕ್ಕೆ ಬಂದರೆ ಬಿಳಿ ಕಾಗದದ ಮೇಲೆ ಎಲೆಯನ್ನು ತಟ್ಟಿ. ಓಡಾಡುವ ಚುಕ್ಕೆ ಕಂಡರೆ ನುಸಿ. ಎಲೆಯ ಅಡಿಭಾಗಕ್ಕೆ ನೀರು ರಾಚಿ ತೊಳೆಯಿರಿ, ಮೂರು ದಿನಕ್ಕೊಮ್ಮೆಯಂತೆ ನಾಲ್ಕು ಸಲ.

ಬೀಜ ಹುಟ್ಟಲಿಲ್ಲ ಎನ್ನುವವರು ಬೀಜವನ್ನು ಮಣ್ಣಿನಡಿ ಹೂತಿರುತ್ತಾರೆ. ರಾಗಿಗಿಂತಲೂ ಎಷ್ಟೋ ಸಣ್ಣ, ಧೂಳಿನಂಥ ಬೀಜ ಇದು. ಮೊಳೆಯಲು ಬೆಳಕು ಬೇಕು. ಒದ್ದೆ ಮಿಶ್ರಣದ ಮೇಲೆ ಉದುರಿಸಿ ಸುಮ್ಮನೆ ಒತ್ತಿ, ಮೇಲೆ ಗಾಜು ಮುಚ್ಚಿ, ನೀರನ್ನು ತಟ್ಟೆಯಿಂದ ಕುಡಿಸಿ. 18ರಿಂದ 21 ಡಿಗ್ರಿ ತಂಪಿನಲ್ಲಿ ಎರಡು ಮೂರು ವಾರ ಬೇಕು, ಆದ್ದರಿಂದ ಮಳೆ ನಿಂತ ಮೇಲೆ ಬಿತ್ತುವುದು ಒಳ್ಳೆಯದು.

ದೀಪ ಹಾಕಿಯೂ ಮೊಗ್ಗಿಲ್ಲ

ನಾದಿನಿ ಬಲ್ಬ್ ಕಟ್ಟಿ ಏಳು ವಾರಕ್ಕೆ ಮತ್ತೆ ಫೋನ್ ಮಾಡಿದಳು. ಮೊಗ್ಗು ಕಾಣುತ್ತಿಲ್ಲ. ಕೇಳುತ್ತ ಹೋದಾಗ ಗೊತ್ತಾಯಿತು, ಕರೆಂಟು ಹೋಗಿಬಂದಾಗಲೆಲ್ಲ ಅವಳ ಟೈಮರಿನ ಗಡಿಯಾರ ಹಿಂದೆ ಬೀಳುತ್ತಿತ್ತು. ಒಂದು ತಿಂಗಳಲ್ಲಿ ಅದು ಎಷ್ಟು ಹಿಂದೆ ಬಿದ್ದಿತ್ತೆಂದರೆ ದೀಪ ಹತ್ತುತ್ತಿದ್ದದ್ದು ಬೆಳಗ್ಗೆ ಏಳಕ್ಕೆ. ತಿರುಗುವ ಮುಳ್ಳಿನ ಟೈಮರಾದರೆ ವಾರಕ್ಕೊಮ್ಮೆ ಗಂಟೆ ಸರಿಮಾಡಿ. ಒಂದೆರಡು ರಾತ್ರಿ ತಪ್ಪಿದರೆ ತೊಂದರೆಯಿಲ್ಲ, ವಾರಗಟ್ಟಲೆ ತಪ್ಪಿದರೆ ಲೆಕ್ಕ ಮೊದಲಿನಿಂದ.

ದೀಪ ಸರಿಯಿದ್ದರೆ ಹಗಲಿನ ಬಿಸಿಲು ನೋಡಿ. ರಾತ್ರಿಯ ದೀಪ ಗಿಡಕ್ಕೆ ಕಾಲ ಹೇಳುತ್ತದೆ ಅಷ್ಟೆ, ಊಟ ಕೊಡುವುದು ಬಿಸಿಲೇ. ನೆರಳಲ್ಲಿಟ್ಟ ಕುಂಡದಲ್ಲಿ ದಂಟು ಎದ್ದರೂ ಸೊರಗಿ ವಾಲುತ್ತದೆ. ಅದೂ ಸರಿಯಿದ್ದರೆ ಕುಂಡದ ಚೀಟಿಯನ್ನು ಹುಡುಕಿ. ಪೋರ್ಟೆನ್‌ಶ್ಲಾಗಿಯಾನಾ ಎಂದಿದ್ದರೆ ಅದು ಇದೇ ಕುಲದ ಇನ್ನೊಂದು ಗಿಡ. ಅದಕ್ಕೆ ಮೊಗ್ಗು ಕಟ್ಟುವ ಮೊದಲು ವಾರಗಟ್ಟಲೆ ಕೊರೆಯುವ ಚಳಿ ಬೇಕು, ಶಿರಸಿಯ ಮಾಘದ ಚಳಿಯೂ ಅದಕ್ಕೆ ಸಾಲದು. ಅದನ್ನು ಎಲೆಯ ಚಂದಕ್ಕೆ ಇಟ್ಟುಕೊಳ್ಳಿ.

ಟೈಮರ್ ಸರಿಮಾಡಿದ ಮೇಲೆ ಫೆಬ್ರವರಿಯಲ್ಲಿ ನಾದಿನಿಯ ಕುಂಡ ಅರಳಿತು, ಹನ್ನೊಂದು ಹೂವು. ಫೋಟೋ ಕಳಿಸಿದಳು. ಅದರ ಪಕ್ಕದಲ್ಲೇ, ಅದೇ ಬಲ್ಬಿನ ಕೆಳಗೆ, ಒಂದು ಮೊಗ್ಗೂ ಇಲ್ಲದ ಸೇವಂತಿಗೆ ಕುಂಡ ಕಂಡಿತು. ಅದನ್ನು ಇವತ್ತೇ ಮನೆಯ ಹಿಂದಕ್ಕೆ ಸಾಗಿಸು ಎಂದು ಹೇಳಿದ್ದೇನೆ.